ಒಳಗಿದ್ದ ಇಂಗ್ಲಿಷ್

ಹೆಣ್ಣು ನೋಡಲು ಬಂದವರು ಆ ಕಾಲದಲ್ಲಿ ಒಂದು ಹಾಡು ಹೇಳಿಸುತ್ತಿದ್ದರು. ನನ್ನನ್ನು ನೋಡಲು ಮೈಸೂರಿಗೆ ಬಂದವರು ಕಾಗದ ಓದಿಸಿದರು. ಮುಂದೆ ನನ್ನ ಮಾವನವರಾದ ಹಿರಿಯರು ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು, ನನ್ನ ತಂದೆಯ ಕೈಗೆ ಕೊಟ್ಟು, "ಇದ್ನ ಒಸಿ ಮಗೀನ ಕೈಲಿ ಓದ್ಸಿ ಸ್ವಾಮಿ" ಎಂದರು. ಹೊಗೆಸೊಪ್ಪು ಕೊಳ್ಳುವ ಕಂಪನಿಯೊಂದರ ಇಂಗ್ಲಿಷ್ ನೋಟೀಸು ಅದು. ಬೆವರು ತಗುಲಿ ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗಿತ್ತು. ನಾನು ಓದಿ, ಕನ್ನಡದಲ್ಲಿ ಹೇಳಿದೆ. ಸೊಪ್ಪನ್ನು ಬಿಸಿಗೆ ಹದ ಮಾಡುವ ಬ್ಯಾರನ್ ಹೊಸದಾಗಿ ಕಟ್ಟಿಸುವವರು ಇಂಥ ತಿಂಗಳೊಳಗೆ ಅರ್ಜಿ ಹಾಕಬೇಕು ಎಂದಿತ್ತು. ಆ ತಿಂಗಳು ಕಳೆದು ಮೂರು ತಿಂಗಳಾಗಿತ್ತು.

ಅವರು ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಕಡೆ ತಿರುಗಿ, "ನೋಡ್ದಾ ಅಮ್ಮಿ, ಐದು ತಿಂಗ್ಳಿಂದ ಜೇಬಲ್ಲಿ ಮಡಿಕ್ಕಂಡು ತಿರುಗ್ತಾ ಇವ್ನಿ. ಇಂಗೆ ಅಂತ ಒಬ್ಬನಾದ್ರೂ ಯೋಳಿದ್ನಾ?" ಎಂದರು. ನನ್ನ ಬಣ್ಣ, ಕೂದಲು, ಅಡುಗೆ ಯಾವುದರ ಮಾತೂ ಬರಲಿಲ್ಲ. ಮದುವೆ ನಿಶ್ಚಯವಾಯಿತು.

ಇದು ನನಗೇ ನೆನಪಿರುವುದೋ, ಅತ್ತೆ ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ನನ್ನ ನೆನಪಾಗಿ ಕುಳಿತದ್ದೋ ಗೊತ್ತಿಲ್ಲ. ಅತ್ತೆ ಹೇಳುವಾಗ ನಾನು ಪಟಪಟನೆ ಓದುತ್ತಿದ್ದೆ. ನನ್ನ ನೆನಪಿನಲ್ಲಿ ಒಂದೊಂದೇ ಪದ ಕೂಡಿಸಿ ಓದುತ್ತೇನೆ. ಆ ವರ್ಷಗಳ ಮೂರು ನೋಟುಬುಕ್ಕುಗಳು ಈಗಲೂ ನನ್ನ ಬಳಿ ಇವೆ, ಆದರೆ ಅವನ್ನೂ ಪೂರ್ತಿ ನಂಬಲಾರೆ. ಆ ಮನೆಯಲ್ಲಿ ಯಾರೂ ಓದಬಾರದೆಂದು ನಾನು ಡೈರಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಹಾಗಾಗಿ ಅವರು ಆಡಿದ ಮಾತು ಅದರಲ್ಲಿಲ್ಲ, ನಾನು ಮಾಡಿಕೊಂಡ ಇಂಗ್ಲಿಷ್ ಮಾತ್ರ ಇದೆ. ಹೀಗೆ ಅಂದಿರಬೇಕು ಎಂದು ಊಹಿಸಿ ಈಗ ಅದನ್ನು ಮತ್ತೆ ಕನ್ನಡಕ್ಕೆ ತರುತ್ತಿದ್ದೇನೆ. ಕೆಲವೇ ಮಾತುಗಳು ಡೈರಿಯ ಸಹಾಯವಿಲ್ಲದೆ ಕಿವಿಯಲ್ಲಿ ಹಾಗೇ ಉಳಿದಿವೆ. ಅವು ಬಂದಾಗ ಹೇಳುತ್ತೇನೆ.

ನಾನು ಹೋಗಿ ಸೇರಿದ ಊರು ಕಂಪಲಾಪುರದಿಂದ ಒಂದು ಮೈಲಿ ಒಳಗೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಬಸ್ಸು ಕಂಪಲಾಪುರದಲ್ಲಿ ನಿಲ್ಲುತ್ತಿತ್ತು. ಗಾಳಿ ಈ ಕಡೆಗೆ ಬೀಸಿದ ದಿನ ಅದರ ಹಾರನ್ನು ನಮ್ಮ ಹಿತ್ತಲಿಗೂ ಕೇಳುತ್ತಿತ್ತು. ಮನೆಯಲ್ಲಿ ನಾಲ್ವರು: ಮಾವ, ಅತ್ತೆ, ನನ್ನ ಗಂಡ, ನಾನು. ಬೆಳಗ್ಗೆ ಲಿಂಗಪೂಜೆ, ವಿಭೂತಿ, ಆಮೇಲೆ ಹೊಲ. ರಾಗಿ ಒಂದು ಕಡೆ, ಹೊಗೆಸೊಪ್ಪು ಇನ್ನೊಂದು ಕಡೆ, ನಡುವೆ ಎರಡಾಳೆತ್ತರದ ಬ್ಯಾರನ್.

ಮಾವನವರಿಗೆ ಭಾಷೆ ಬರುತ್ತಿರಲಿಲ್ಲ ಎಂದರೆ ಸುಳ್ಳಾದೀತು. ದನದ ದಲ್ಲಾಳಿಗಳು ಬಂದರೆ ಉರ್ದುವಿನಲ್ಲಿ ಜಗಳವಾಡುತ್ತಿದ್ದರು. ಬ್ಯಾರನ್ ಕಟ್ಟಿದ ಗಾರೆಯವರ ಜೊತೆ ತಮಿಳು, ಮರದ ವ್ಯಾಪಾರದವರ ಜೊತೆ ಮಲಯಾಳ, ಎತ್ತು ಕೊಳ್ಳಲು ಬರುವ ಕೊಡಗಿನವರ ಜೊತೆ ನಗುತ್ತಾ ಅವರ ಮಾತು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಯಿಂದ ಸೊಪ್ಪು ಕಟ್ಟಲು ಬರುತ್ತಿದ್ದ ಹೆಂಗಸರು ತಮ್ಮತಮ್ಮಲ್ಲಿ ಬೇರೆಯೇ ಒಂದು ಮಾತಾಡಿಕೊಳ್ಳುತ್ತಿದ್ದರು. ಅದು ಗೊತ್ತಾಗುವುದಿಲ್ಲವೆಂದು ಅವರು ಮಾವನವರನ್ನೇ ಬೈದುಕೊಂಡರೆ, ಇವರು ಅದೇ ಮಾತಿನಲ್ಲಿ ಉತ್ತರ ಕೊಟ್ಟು ಅವರನ್ನು ಬೆಚ್ಚಿಬೀಳಿಸುತ್ತಿದ್ದರು. ಎಲ್ಲ ಬಾಯಿಂದ ಕಲಿತದ್ದು. ಬಾಯಿಂದ ಕಲಿಯಲಾಗದೆ ಉಳಿದದ್ದು ಇಂಗ್ಲಿಷ್ ಒಂದೇ, ಏಕೆಂದರೆ ಅದನ್ನು ಆಡುವವರು ಅವರ ಜೊತೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಕಾಗದ ಕೊಟ್ಟು ಹೊರಟುಹೋಗುತ್ತಿದ್ದರು. ಅದಕ್ಕೇ ನನ್ನನ್ನು ತಂದುಕೊಂಡಿದ್ದರು.

ತಂದಮೇಲೆ ಒಂದು ತೊಡಕು ಎದುರಾಯಿತು. ಆ ಮನೆಯಲ್ಲಿ ಸೊಸೆ ಮಾವನ ಮುಂದೆ ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಹೊರಗಿನ ಗಂಡಸರ ಮುಂದಂತೂ ಕೇಳುವುದೇ ಬೇಡ. ಮೊದಲ ವರ್ಷ ಹೊಗೆಸೊಪ್ಪು ನೋಡಲು ಕಂಪನಿಯ ಕಡೆಯಿಂದ ಗುಂಟೂರಿನವರೊಬ್ಬರು ಬಂದರು. ತೆಲುಗು ಬಿಟ್ಟರೆ ಇಂಗ್ಲಿಷ್, ಇನ್ನೇನೂ ಬಾರದು. ಮಾವ ಜಗಲಿಯ ಮೇಲೆ ಕುಳಿತು ಒಳಗೆ ನೋಡಿದರು. ನಾನು ಅಡುಗೆಮನೆಯಲ್ಲಿದ್ದೆ. ಆಗ ಅತ್ತೆ ಒಂದು ಏರ್ಪಾಟು ಮಾಡಿದರು. ಜಗಲಿಗೆ ಹೊಂದಿಕೊಂಡ ಕೋಣೆಗೆ ಮರದ ಸರಳಿನ ಕಿಟಕಿಯಿತ್ತು. ನಾನು ಅದರ ಪಕ್ಕದ ಗೋಡೆಗೆ ಒರಗಿ ನಿಲ್ಲಬೇಕು. ಹೊರಗಿನವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಮೆಲ್ಲಗೆ ಅತ್ತೆಗೆ ಹೇಳಬೇಕು. ಅತ್ತೆ ಹೊಸ್ತಿಲ ಬಳಿ ನಿಂತು ಮಾವನಿಗೆ ಹೇಳುತ್ತಾರೆ. ಮಾವನ ಉತ್ತರ ನನಗೆ ಹೇಗೂ ಕೇಳಿಸುತ್ತದೆ, ಆದರೂ ಅದನ್ನು ಅತ್ತೆ ಒಳಗೆ ಬಂದು ನನಗೆ ಹೇಳಿದಮೇಲೇ ನಾನು ಕೇಳಿದ ಹಾಗೆ. ಅದನ್ನು ನಾನು ಇಂಗ್ಲಿಷಿನಲ್ಲಿ ಬರೆದುಕೊಡಬೇಕು.

ನಾನು ನೋಟುಬುಕ್ಕಿನ ಹಾಳೆ ಹರಿಯಲು ಹೋದೆ. ಅತ್ತೆ ತಡೆದರು. "ಕಾಗ್ದ ಬ್ಯಾಡ ಕಣ್ ಮಗ. ಕಾಗ್ದ ಕೊಟ್ರೆ ಅದು ಆವಯ್ಯನ ತಾವೇ ಉಳ್ಕತದೆ. ನಾಳೆ ಯಾರಾರ ನೋಡಿ, ಇವರ ಸೊಸೆ ಪರಗಂಡಸಿಗೆ ಕಾಗ್ದ ಬರೆದವಳೆ ಅಂದ್ರೆ?" ಎಂದು ಅಟ್ಟದಿಂದ ನನ್ನ ಗಂಡ ಶಾಲೆಗೆ ಹೋಗುವಾಗಿನ ಸ್ಲೇಟು ಇಳಿಸಿದರು. ಒಂದು ಮೂಲೆ ಒಡೆದಿತ್ತು. ಬರೆದದ್ದನ್ನು ಅತ್ತೆ ಹೊರಗೆ ಒಯ್ದು ಅವರ ಮುಂದೆ ಹಿಡಿಯುವುದು, ಅವರು ಓದಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ ತರುವುದು ಎಂದಾಯಿತು. ನನ್ನ ಅಕ್ಷರ ಮನೆಯ ಹೊರಗೆ ಉಳಿಯುತ್ತಿರಲಿಲ್ಲ.

ಗುಂಟೂರಿನವರು ಸೊಪ್ಪು ಮುಟ್ಟಿ, ಮೂಸಿ ಏನೋ ಹೇಳಿದರು.

"ಏನಂತವ್ವ ಆವಯ್ಯ?" ಅತ್ತೆ ಕೇಳಿದರು.

"ಮೇಲಿನ ಎಲೆ ಚೆನ್ನಾಗಿದೆಯಂತೆ ಅತ್ತೆ. ಬುಡದ ಎಲೆ ಕಪ್ಪಾಗಿದೆ ಅಂತಾರೆ."

ಅತ್ತೆ ಹೊಸ್ತಿಲಿಗೆ ಹೋದರು. "ಬುಡದೆಲೆ ಕಪ್ಪಾಗದಂತೆ ಕಣ್ರೀ. ಬೆಂಕಿ ಜಾಸ್ತಿ ಆಗದೆ, ಅವತ್ತೇ ಯೋಳ್ದೆ, ಕೇಳಿದ್ರಾ?"

"ಅದೂ ಆವಯ್ಯನೇ ಅಂದ್ನಾ?" ಮಾವ ಕೇಳಿದರು.

"ಅದು ನಾನಂದೆ."

ಗುಂಟೂರಿನವರು ಏನಾಯಿತೆಂದು ಇಬ್ಬರ ಮುಖ ನೋಡಿದರು. ನಾನು ಗೋಡೆಗೆ ಒರಗಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ. ಆ ದಿನದ ಡೈರಿಯಲ್ಲಿ ಈ ನಗುವಿದೆ. ಮನೆ ಸೇರಿದ ಹೊಸತರಲ್ಲಿ ನಕ್ಕದ್ದು ಅದೊಂದೇ ಸಲ ಎಂದೂ ಇದೆ, ಅದು ನಿಜವಿರಲಾರದು. ಇಪ್ಪತ್ತೊಂದರ ಹುಡುಗಿ ತನ್ನ ಮೇಲೆ ಕನಿಕರ ಪಟ್ಟುಕೊಂಡು ಬರೆದದ್ದು.

ಮುಂದಿನ ಎರಡು ವರ್ಷ ಹೀಗೇ ನಡೆಯಿತು. ಕಂಪನಿಯ ಕಾಗದ, ಊರವರ ಕಾಗದ, ಯಾರಿಗೋ ಬಂದ ತಂತಿ, ಎಲ್ಲ ನಮ್ಮ ಜಗಲಿಗೇ. ಓದುವವಳು ನಾನು, ಆದರೆ ಹೊರಗಿನವರ ಪಾಲಿಗೆ ಇಂಗ್ಲಿಷ್ ಬರುತ್ತಿದ್ದುದು ಅತ್ತೆಯ ಬಾಯಿಂದ. ಅತ್ತೆ ಬದಲಾದರು. ಯಾರೋ ಬರುತ್ತಾರೆಂದರೆ ಬೆಳಗ್ಗೆಯೇ ತಲೆ ಬಾಚಿ, ಹೊಸ ಕುಪ್ಪಸ ತೊಟ್ಟು, ವಿಭೂತಿ ನೇರವಾಗಿದೆಯೇ ಎಂದು ನನ್ನನ್ನು ಕೇಳುತ್ತಿದ್ದರು. ಹೊಸ್ತಿಲ ಒಳಗೆ ಅವರಿಗೊಂದು ಮಣೆ ಬಂತು. ಸೊಪ್ಪಿನ ಗ್ರೇಡುಗಳ ಹೆಸರು ಮಾವನಿಗಿಂತ ಮೊದಲು ಅವರಿಗೆ ಬಾಯಿಪಾಠವಾಯಿತು. ಊರ ಹೆಂಗಸರು ನೀರಿಗೆ ಬಂದಾಗ, "ಇಂಗ್ಲೀಷ್ ಅತ್ತೆವ್ವ ಏನಂತದೆ?" ಎಂದು ಕೀಟಲೆ ಮಾಡುತ್ತಿದ್ದರು. ಅತ್ತೆ ಸಿಟ್ಟಾಗದೆ ಹಿಗ್ಗುತ್ತಿದ್ದರು.

ನನ್ನ ಸ್ಥಿತಿಯನ್ನು ಆಗ ಹೇಗೆ ಬರೆದಿದ್ದೆನೆಂದು ಮೊನ್ನೆ ಹುಡುಕಿ ನೋಡಿದೆ. ಮೈಸೂರಿನಲ್ಲಿ ತರಗತಿಯಲ್ಲಿ ಎದ್ದುನಿಂತು ಇಂಗ್ಲಿಷ್ ಮಾತಾಡಲು ನಾಚುತ್ತಿದ್ದವಳು ನಾನು. ಕನ್ನಡವಾದರೆ ಬಾಯಿ ಮುಚ್ಚಿಸುವುದು ಕಷ್ಟವೆಂದು ಅಮ್ಮ ಗೊಣಗುತ್ತಿದ್ದಳು. ಇಲ್ಲಿ ಬಂದಮೇಲೆ ಹೊರಗಿನ ಗಂಡಸರಿಗೆ ಇಂಗ್ಲಿಷಿನಲ್ಲಿ ಎಷ್ಟು ಬೇಕಾದರೂ ಬರೆಯಬಹುದಿತ್ತು. ಎಂಟಡಿ ದೂರದಲ್ಲಿ ಕುಳಿತ ಮಾವನಿಗೆ ನನ್ನ ಕನ್ನಡದಲ್ಲಿ ಒಂದು ಮಾತು ಹೇಳುವಂತಿರಲಿಲ್ಲ. ಅವರು ನನ್ನ ಧ್ವನಿ ಕೇಳಿದ್ದು ಹೆಣ್ಣು ನೋಡಲು ಬಂದ ದಿನವೇ ಕೊನೆ.

ಮೂರನೆಯ ವರ್ಷ, ಬೇಸಿಗೆಯಲ್ಲಿ, ಊರ ಶಾಲೆಯ ಮೇಷ್ಟ್ರು ಮನೆಮನೆಗೆ ಬಂದು ಯಾವ ಮನೆಯಲ್ಲಿ ಯಾವ ಮಾತು, ಯಾರಿಗೆ ಓದು ಬರುತ್ತದೆ, ಯಾರಿಗೆ ಇಂಗ್ಲಿಷ್ ಬರುತ್ತದೆ ಎಂದು ಬರೆದುಕೊಂಡರು. ಹುಣಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ದೊಡ್ಡದು ಮಾಡುತ್ತಾರೆ, ಅದಕ್ಕೆ ಪಟ್ಟಿ ಬೇಕಂತೆ ಎಂದರು. ನಾನು ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದೆ.

"ಮನೆಮಾತು?" ಮೇಷ್ಟ್ರು ಕೇಳಿದರು.

"ಇಷ್ಟೊತ್ತು ಏನಾಡ್ತಾ ಇವ್ನಿ ನಿನ್ನ ತಾವ? ಕನ್ನಡ."

"ಬರ್ಕೊಬೇಕಲ್ಲ ಗೌಡ್ರೆ, ಕೇಳ್ದೆ. ಬೇರೆ ಯಾವ್ಯಾವ ಭಾಷೆ ಬರ್ತದೆ?"

ಮಾವ ಬೆರಳು ಮಡಿಸಿ ಒಂದೊಂದೇ ಹೇಳಿದರು. ಮೇಷ್ಟ್ರು ನಕ್ಕು, "ಇಂಗ್ಲೀಷು?" ಎಂದರು.

ಆಮೇಲೆ ಮಾವ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇರುವ ಮಾತುಗಳಲ್ಲಿ ಮೊದಲನೆಯದು. "ಅದೂ ಅದೆ. ಒಳಗದೆ. ಬರ್ಕೊ."

"ಯಾರ ಹೆಸರಿಗೆ ಬರೀಲಿ?"

"ಸೊಸೆ ಅಂತ ಬರಿ. ಬಿ.ಎ. ಅಂತ್ಲೂ ಬರಿ, ಒಸಿ ದಪ್ಪಗೆ ಬರಿ."

ಆ ದಪ್ಪ ಅಕ್ಷರವೇ ಹದಿನೈದು ದಿನದಲ್ಲಿ ಒಬ್ಬರನ್ನು ನಮ್ಮ ಜಗಲಿಗೆ ಕರೆತಂದಿತು. ಹುಣಸೂರಿನ ಆ ಶಾಲೆಗೆ ಹೊಸದಾಗಿ ಬಂದಿದ್ದ ಹೆಡ್ಮಾಸ್ತರರು. ಬೊಂಬಾಯಿ ಕಡೆಯವರು, ವಯಸ್ಸಾದವರು. ಮರಾಠಿ, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಮಾವ ಎಣಿಸಿದ ಬೆರಳುಗಳಲ್ಲಿ ಮರಾಠಿ ಇರಲಿಲ್ಲ, ಮಾವನ ದನದ ಸಂತೆಯ ಉರ್ದು ಅವರಿಗೆ ಹಿಡಿಯಲಿಲ್ಲ. ಅತ್ತೆ ಮಣೆಯ ಮೇಲೆ ಕುಳಿತರು. ನಾನು ಸ್ಲೇಟು ಹಿಡಿದು ಗೋಡೆಗೆ ಒರಗಿದೆ. ಯಾವುದೋ ಅರ್ಜಿಯ ವಿಷಯವಿರಬೇಕು ಎಂದುಕೊಂಡಿದ್ದೆ.

ಹೆಡ್ಮಾಸ್ತರರು ನಿಧಾನವಾಗಿ, ಒಂದೊಂದು ವಾಕ್ಯವಾದಮೇಲೂ ನಿಲ್ಲಿಸಿ ಹೇಳಿದರು. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಒಬ್ಬ ಹೆಂಗಸು ಬೇಕು. ಪಟ್ಟಿಯಲ್ಲಿ ಈ ಸುತ್ತಿನಲ್ಲೆಲ್ಲ ಬಿ.ಎ. ಆದ ಹೆಣ್ಣು ಒಬ್ಬಳೇ. ಆಕೆಯನ್ನು ಕಳಿಸಿಕೊಡಬೇಕು. ಇಷ್ಟವಾದರೆ ಶಾಲೆಯ ಹತ್ತಿರವೇ ಇರಲು ಮನೆ ಕೊಡಿಸುತ್ತೇವೆ. ಬೇಡವೆಂದರೆ ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆ ದೀಪ ಹಚ್ಚುವುದರೊಳಗೆ ಮನೆ ಸೇರಬಹುದು. ಬಸ್ಸಿನವರೆಗೆ ಆಯಾ ಜೊತೆಗೆ ಬರುತ್ತಾಳೆ.

ನಾನು ಎಂದೂ ಯಾರನ್ನೂ ಕೇಳದ, ಕೇಳಬಹುದೆಂದೂ ಗೊತ್ತಿರದ ವಸ್ತುವನ್ನು ಯಾರೋ ಮನೆ ಬಾಗಿಲಿಗೆ ತಂದು ಇಟ್ಟಿದ್ದರು. ನಾಲ್ಕು ಜನರ ಮುಂದೆ ನಿಂತು ಗಟ್ಟಿಯಾಗಿ ಮಾತಾಡುವ ಕೆಲಸ. ನನಗೆ ಅದು ಬೇಕಿತ್ತು. ಇದನ್ನು ಡೈರಿ ನೋಡದೆಯೂ ಹೇಳಬಲ್ಲೆ.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಬಸ್ಸಿನ ಮಾತನ್ನು ಎರಡು ಸಲ ಹೇಳಿದೆ. ಅತ್ತೆ ನನ್ನ ಮುಖ ನೋಡಿ, ಹೊಸ್ತಿಲಿಗೆ ತಿರುಗಿದರು.

"ಮಗೀನ ಉಣಸೂರ್‌ಗೆ ಕಳ್ಸಿಕೊಡಿ ಅಂತಾರೆ ಕಣ್ರೀ. ಹೆಣ್ಣೈಕಳಿಗೆ ಪಾಠ ಯೋಳಕ್ಕೆ. ಇಸ್ಕೂಲ್ ತಾವೇ ಮನೆ ಕೊಡ್ತಾರಂತೆ, ಅಲ್ಲೇ ಇರಾಕೆ."

ಅಷ್ಟೇ. ನಾನು ಕಾದೆ. ಬಸ್ಸಿನ ಮಾತು ಬರಲಿಲ್ಲ.

"ಅಲ್ಲೇ ಇರಾಕಾ?" ಮಾವ ಎದ್ದುನಿಂತರು. "ಮನೆ ಬುಟ್ಟು, ಗಂಡನ್ನ ಬುಟ್ಟು, ಉಣಸೂರಲ್ಲಿ ಬಿಡಾರ ಮಾಡಾದಾ ನಮ್ಮ ಮನೆ ಹೆಣ್ಮಗಳು? ಆಗಾಕಿಲ್ಲ ಅಂತ ಬರ್ದು ತೋರ್ಸಾಕೆ ಯೋಳು. ಮರ್ವಾದಸ್ತರು, ಒರಟಾಗಿ ಬ್ಯಾಡ."

ಇಲ್ಲಿಂದ ಮುಂದಿನ ಒಂದೆರಡು ನಿಮಿಷವನ್ನು ನಾನು ಎಷ್ಟು ಸಲ ನೆನಪಿಗೆ ತಂದುಕೊಂಡಿದ್ದೇನೆಂದರೆ ಅದರ ಮೂಲರೂಪ ಸವೆದುಹೋಗಿರಬೇಕು. ಮಾವನಿಗೆ ಕನ್ನಡ ಓದಲು ಬರುತ್ತಿತ್ತು. ಅಕ್ಷರದ ಕೆಳಗೆ ಬೆರಳು ಎಳೆಯುತ್ತಾ, ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ. ಸ್ಲೇಟು ನನ್ನ ಕೈಯಲ್ಲಿತ್ತು. "ದಿನಾ ಬಸ್ಸಿನಲ್ಲಿ ಬಂದು ಹೋಗಬಹುದಂತೆ" ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ಅತ್ತೆಯ ಕೈಗೆ ಕೊಟ್ಟಿದ್ದರೆ? ಅತ್ತೆಗೆ ಓದು ಬಾರದು. ಎಂದಿನಂತೆ ಇಂಗ್ಲಿಷ್ ಎಂದುಕೊಂಡು ಹೊರಗೆ ಒಯ್ದು ಹಿಡಿಯುತ್ತಿದ್ದರು. ಹೆಡ್ಮಾಸ್ತರರಿಗೆ ಅರ್ಥವಾಗದೆ ಅವರು ಅದನ್ನು ಮಾವನ ಕಡೆ ತಿರುಗಿಸುತ್ತಿದ್ದರು. ಅಷ್ಟು ಸಾಕಿತ್ತು.

ಇದು ನನಗೆ ಆಗಲೇ ಹೊಳೆದಿತ್ತೇ? ಹೊಳೆದೂ ಬರೆಯಲಿಲ್ಲವೇ? ಅಥವಾ ತಿಂಗಳಾದಮೇಲೆ ಹೊಳೆದದ್ದನ್ನು ಆ ಗಳಿಗೆಗೆ ಒಯ್ದು ಸೇರಿಸಿದ್ದೇನೆಯೇ? ಡೈರಿಯಲ್ಲಿ ಏನೂ ಇಲ್ಲ. ಆ ದಿನದ ಪುಟದಲ್ಲಿ ಎರಡೇ ಸಾಲು: ಹೆಡ್ಮಾಸ್ತರರು ಬಂದಿದ್ದರು, ಮಾವನವರು ಒಪ್ಪಲಿಲ್ಲ. ಹೊಳೆದಿತ್ತು ಎಂದಾದರೆ ನಾನು ಹೇಡಿ. ಹೊಳೆಯಲಿಲ್ಲ ಎಂದಾದರೆ ಇನ್ನೂ ಕೆಟ್ಟದ್ದು. ಎರಡೇ ವರ್ಷದಲ್ಲಿ ಆ ಸ್ಲೇಟು ಇಂಗ್ಲಿಷಿಗೆ ಮಾತ್ರ ಎಂದು ನಾನೂ ನಂಬಿಬಿಟ್ಟಿದ್ದೆ ಎಂದಾಗುತ್ತದೆ.

ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮ ಮಾವನವರು ತಮ್ಮ ದಯೆಗೆ ಕೃತಜ್ಞರಾಗಿದ್ದಾರೆ, ಆದರೆ ಒಪ್ಪಿಗೆ ಕೊಡಲಾರದವರಾಗಿದ್ದಾರೆ. ಹೆಡ್ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಓದಿದರು. ಕಿಟಕಿಯ ಕಡೆ ನೋಡದೆ, ಗಾಳಿಗೆ ಹೇಳುವಂತೆ, ಇಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ಇದುವರೆಗೆ ಯಾರೂ ನನಗೆ 'ಆಗುವುದಿಲ್ಲ' ಎಂದಿರಲಿಲ್ಲ ಎಂದರು.

"ಏನಂತೆ?" ಅತ್ತೆ.

"ಅಕ್ಷರ ಚೆನ್ನಾಗಿದೆಯಂತೆ."

ಅತ್ತೆ ಹಾಗೆಯೇ ಹೇಳಿದರು. ಜಗಲಿಯಿಂದ ಮಾವನ ನಗು ಕೇಳಿಸಿತು. ನಿಜಕ್ಕೂ ಸಂತೋಷವಾಗಿತ್ತು ಅವರಿಗೆ. "ಅಂಗಲ್ವಾ ಮತ್ತೆ" ಎಂದು ಬಂದವರಿಗೆ ಇನ್ನೊಂದು ಲೋಟ ಮಜ್ಜಿಗೆ ತರಿಸಿದರು. ಸ್ಲೇಟು ಒರೆಸಿಕೊಂಡು ಒಳಗೆ ಬಂತು.

ಮಧ್ಯಾಹ್ನ ಅತ್ತೆ ಮುದ್ದೆ ತೊಳಸುತ್ತಿದ್ದರು. ನಾನು ಎದುರಿಗೆ ಸೊಪ್ಪು ಸೋಸುತ್ತಾ ಕೇಳಿದೆ. "ಬಸ್ಸಿನ ಮಾತು ಹೇಳಲಿಲ್ಲವಲ್ಲ ಅತ್ತೆ?"

"ಯಾವ್ ಬಸ್ಸು?"

"ದಿನಾ ಹೋಗಿ ಬರಬಹುದು ಅಂದರಲ್ಲ. ಎರಡು ಸಲ ಹೇಳಿದೆ ನಿಮಗೆ."

"ಅಂದ್ರಾ? ಮರ್ತೋಯ್ತು ಕಣ್ ಮಗ." ಕೋಲು ನಿಲ್ಲಲಿಲ್ಲ. ಮುದ್ದೆ ಕಟ್ಟಿ ಮರಿಗೆಯಲ್ಲಿ ಇಟ್ಟಮೇಲೆ ಕೈ ತೊಳೆದುಕೊಂಡು ಗೋಡೆಗೆ ಒರಗಿ ಕುಳಿತರು. ಆಮೇಲೆ ಅವರು ಹೇಳಿದ್ದೂ ಕಿವಿಯಲ್ಲಿ ಇರುವ ಮಾತೇ. "ಮೂವತ್ತು ವರ್ಸ ಆಯ್ತು ಈ ಮನೆಗೆ ಬಂದು. ಜಗಲೀಲಿ ಗಂಡಸ್ರು ಕೂತವ್ರೆ ಅಂದ್ರೆ ನಾನು ಒಲೆ ಮುಂದೆ. ಒಂದ್ ದಿನಕ್ಕಾದ್ರೂ ಬಾ ಅಂದೋರಿಲ್ಲ. ಈಗ ಎಲ್ಲೋದ್ಲು ಇವಳು, ಕರೀರಿ ಅಂತ ಕೂಗ್ತಾರೆ ಕಣವ್ವ. ನೀ ಉಣಸೂರ್‌ಗೆ ಒಂಟೋದ್ರೆ ನನ್ನ ಯಾರು ಕರೀತಾರೆ?"

ಬೈಯುವ ಅತ್ತೆಯಾಗಿದ್ದರೆ ಸುಲಭವಿತ್ತು. ಅವರು ನನ್ನ ತಟ್ಟೆಗೆ ದೊಡ್ಡ ಮುದ್ದೆ ಹಾಕಿ, ನಡುವೆ ಗುಂಡಿ ಮಾಡಿ, ತುಪ್ಪ ಬಿಟ್ಟರು.

ನನ್ನ ಗಂಡ ಒಳ್ಳೆಯವರು, ಮಾತು ಕಡಿಮೆ. ಹಿತ್ತಲಲ್ಲಿ ಹೊಗೆಸೊಪ್ಪು ಪೋಣಿಸುವ ಕಡ್ಡಿ ಒಪ್ಪ ಮಾಡುತ್ತಿದ್ದಾಗ ಹೋಗಿ ಹೇಳಿದೆ. ತಲೆ ಎತ್ತದೆ ಕೇಳಿಸಿಕೊಂಡರು.

"ನಂಗೇನೂ ಬ್ಯಾಡ ಅನ್ನಂಗಿಲ್ಲ. ಅಪ್ಪಯ್ಯನ್ನ ಒಂದು ಮಾತು ಕೇಳು."

"ನಾನು ಅವರ ಹತ್ತಿರ ಮಾತಾಡುವ ಹಾಗಿಲ್ಲವಲ್ಲ."

"ಅವ್ವನ ಕೈಲಿ ಕೇಳ್ಸು."

"ಅವ್ವ ಹೇಳುವುದಿಲ್ಲ. ನೀವು ಹೇಳಿ."

ಅವರು ಕಡ್ಡಿಯ ಕಟ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟರು. "ಅಪ್ಪಯ್ಯ ಇಂಗೆ ಅಂದ್ಮೇಲೆ ನಾ ಏನ್ ಯೋಳಾನ?" ಎಂದರು. ಅಲ್ಲಿಗೆ ಸುತ್ತಿ ಮತ್ತೆ ಹೊರಟ ಜಾಗಕ್ಕೇ ಬಂದೆ. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು ಎಂದು ಇಲ್ಲಿ ಬರೆಯಲು ಮನಸ್ಸಾಗುತ್ತದೆ. ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ.

ಹತ್ತು ಹನ್ನೆರಡು ದಿನ ಕಳೆದು, ಮಾವನ ಹೆಸರಿಗೆ ಹೆಡ್ಮಾಸ್ತರರ ಕಾಗದ ಬಂತು. ಬೆಳಗಿನ ಹೊತ್ತು. ಹೊರಗಿನವರು ಯಾರೂ ಇರಲಿಲ್ಲ. ಮಾವ ಜಗಲಿಯಲ್ಲಿ ಕುಳಿತು, "ಏನಂತ ನೋಡು" ಎಂದು ಅತ್ತೆಯ ಕೈಯಲ್ಲಿ ಒಳಗೆ ಕಳಿಸಿದರು. ನಾನು ಎಂದಿನ ಜಾಗದಲ್ಲಿ ನಿಂತು ಬಿಚ್ಚಿದೆ. ಅವರು ಆಸೆ ಬಿಟ್ಟಿರಲಿಲ್ಲ. ಶಾಲೆ ತೆರೆಯುವವರೆಗೂ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ ಕಾಯುತ್ತೇನೆ ಎಂದಿದ್ದರು. ತಮ್ಮ ಮಾತು ಸರಿಯಾಗಿ ತಲುಪಿತೋ ಇಲ್ಲವೋ ಎಂದು ಅವರಿಗೆ ಅನುಮಾನ. ಅದಕ್ಕೆ, ಆಕೆ ಮನೆ ಬಿಟ್ಟು ಇರಬೇಕಾಗಿಲ್ಲ, ದಿನಾ ಬಸ್ಸಿನಲ್ಲಿ ಬಂದು ಹೋಗಬಹುದು ಎಂದು ಮತ್ತೊಮ್ಮೆ ಬರೆದು, ಆ ಸಾಲಿನ ಕೆಳಗೆ ಗೆರೆ ಎಳೆದಿದ್ದರು.

ನಾನು ಅತ್ತೆಗೆ ಕಾಗದ ತೋರಿಸಿ, ಗೆರೆಯ ಮೇಲೆ ಬೆರಳಿಟ್ಟು ಹೇಳಿದೆ. "ಇದನ್ನೇ ಬರೆದಿದ್ದಾರೆ ಅತ್ತೆ. ದಿನಾ ಹೋಗಿ ಬರಬಹುದು ಅಂತ. ದಯವಿಟ್ಟು ಹೇಳಿ."

ಅತ್ತೆ ಆ ಗೆರೆಯನ್ನು ನೋಡಿದರು. ಹೊಸ್ತಿಲಿಗೆ ಹೋದರು.

"ಅದೇ ವಿಸ್ಯ ಕಣ್ರೀ. ಮತ್ತೆ ಕಳ್ಸಿ ಅಂತ ಬರೆದವ್ರೆ."

"ಒಂದ್ಸಲ ಯೋಳುದ್ಮೇಲೆ ಆಯ್ತಲ್ಲ. ಇನ್ನೇನಂತೆ?"

"ಇನ್ನೇನಿಲ್ಲ."

ಆಗ ನಾನು ಮಾತಾಡಿದೆ. ಕಿಟಕಿಯ ಸರಳು ಹಿಡಿದು, ಹೊರಗೆ ಕೇಳುವಷ್ಟು ಗಟ್ಟಿಯಾಗಿ, "ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಂತೆ. ಸಂಜೆಯೊಳಗೆ ಮನೆಗೆ ಬರ್ತೀನಿ" ಎಂದೆ. ಈ ಮಾತು ಆಡಿದ್ದರಲ್ಲಿ ನನಗೆ ಅನುಮಾನವಿಲ್ಲ. ಡೈರಿಯಲ್ಲೂ ಇದೆ, ಇಂಗ್ಲಿಷಿನಲ್ಲಿ.

ಮಾವನ ಕೈಯಲ್ಲಿದ್ದ ಅಡಕೆಕತ್ತರಿ ಅರ್ಧ ತೆರೆದು ನಿಂತಿತ್ತು. ಅವರು ಕಿಟಕಿಯ ಕಡೆ ತಿರುಗಲಿಲ್ಲ. ಎದುರಿನ ಹುಣಸೆಮರ ನೋಡುತ್ತಾ, ಸಿಟ್ಟಿಲ್ಲದೆ, ಹೆಂಡತಿಯನ್ನು ಕೇಳಿದರು.

"ಯಾರೋ ಮಾತಾಡ್ದಂಗಾಯ್ತಲ್ಲ ಅಮ್ಮಿ?"

ಅತ್ತೆ ಒಮ್ಮೆ ನನ್ನ ಕಡೆ ನೋಡಿದರು. "ಯಾರೂ ಇಲ್ಲ ಬುಡಿ" ಎಂದರು.

ಕತ್ತರಿ ಮುಚ್ಚಿತು. ಅಡಕೆ ಎರಡಾಗಿ ಬಿತ್ತು. ಕೂಗಾಡಿದ್ದರೆ, ಹೊಡೆಯಲು ಬಂದಿದ್ದರೆ, ನಾನು ಆಡಿದ್ದು ಅವರಿಗೆ ತಾಗಿತು ಎಂದಾದರೂ ಆಗುತ್ತಿತ್ತು. ಬಹಳ ವರ್ಷ ನಾನು ಇದನ್ನು ಕ್ರೌರ್ಯ ಎಂದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ. ಸೊಸೆ ಮಾವನೆದುರು ಬಾಯಿ ಬಿಟ್ಟಳು ಎಂದಾದರೆ ಅದಕ್ಕೆ ಏನಾದರೂ ಮಾಡಲೇಬೇಕಿತ್ತು. ಯಾರೂ ಮಾತಾಡಲಿಲ್ಲ ಎಂದರೆ ಏನೂ ಮಾಡಬೇಕಿಲ್ಲ. ಅವರು ಅವರಿಗೆ ಗೊತ್ತಿದ್ದ ದಾರಿಯಲ್ಲಿ ನನ್ನನ್ನು ಉಳಿಸಿದರೇನೋ. ಹೀಗೆ ಯೋಚಿಸುವುದು ನ್ಯಾಯವೋ, ಅವರ ಅನ್ನ ಉಂಡ ಸೌಜನ್ಯವೋ, ನನಗೆ ಇನ್ನೂ ಬಗೆಹರಿದಿಲ್ಲ.

ಒಂದು ವಿಷಯ ಮಾತ್ರ ಸ್ಪಷ್ಟ. ಬಸ್ಸಿನ ಮಾತು ಅವರಿಗೆ ಕೇಳಿಸಿತ್ತು. ಏಕೆಂದರೆ ಸ್ವಲ್ಪ ಹೊತ್ತಾದಮೇಲೆ ಅವರು ಹೇಳಿದ ಉತ್ತರದಲ್ಲಿ ಬಿಡಾರದ ಮಾತು ಇರಲಿಲ್ಲ.

"ಕಾಗ್ದಕ್ಕೆ ಕಾಗ್ದ ಬರೀಬೇಕು. ಅವಳಿಗೇ ಇಷ್ಟ ಇಲ್ಲ ಅಂತ ಬರ್ದಾಕಾಕೆ ಯೋಳು. ಅಂಗಂದ್ರೆ ಮತ್ತೆ ಕೇಳಾಕಿಲ್ಲ ಆವಯ್ಯ."

ಅವಳಿಗೇ ಇಷ್ಟ ಇಲ್ಲ. ಅದನ್ನು ನನ್ನ ಕೈಯಿಂದ, ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ. ನಾನು ಸರಳು ಬಿಟ್ಟು ಗೋಡೆಗೆ ಒರಗಿದೆ. ಅತ್ತೆ ಒಳಗೆ ಬಂದರು. ನನ್ನ ಮುಂದೆ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಆಗಲ್ಲ ಅಂತ ಬರೀಬೇಕಂತೆ ಕಣ್ ಮಗ" ಎಂದರು. "ಮನೇಲಿ ಒಪ್ಪಾಕಿಲ್ಲ ಅಂತ."

ನಾನು ಅವರ ಮುಖ ನೋಡಿದೆ. "ಅಷ್ಟೇನಾ ಅವರು ಹೇಳಿದ್ದು?"

"ಅಷ್ಟೇಯ."

ಮಾವ ಹೇಳಿದ್ದು ನನಗೆ ಕೇಳಿಸಿದೆ ಎಂದು ಅವರಿಗೆ ಗೊತ್ತಿತ್ತು. ಎಂಟಡಿ ದೂರ, ನಡುವೆ ಮರದ ಸರಳು. ಆದರೂ ಆ ಮನೆಯ ಕ್ರಮದಲ್ಲಿ ಮಾವನ ಮಾತು ಅತ್ತೆಯ ಬಾಯಿಂದ ಬಂದಮೇಲೇ ನಾನು ಕೇಳಿದ ಹಾಗೆ. ಅತ್ತೆ ತಂದದ್ದು ಇಷ್ಟೇ. ಬಸ್ಸಿನ ಮಾತನ್ನು ಎರಡು ಸಲ ನುಂಗಿದ ಬಾಯಿ ಈ ಸಲ ಇನ್ನೊಂದನ್ನು ನುಂಗಿಕೊಂಡು ಬಂದಿತ್ತು.

ಅಂದು ಸ್ಲೇಟು ಸಾಲದು, ಕಾಗದವೇ ಬೇಕು. ನನ್ನ ನೋಟುಬುಕ್ಕಿನಿಂದ ಒಂದು ಹಾಳೆ ಹರಿದೆ. ಅತ್ತೆ ತಡೆಯಲಿಲ್ಲ. ಬರುತ್ತೇನೆ ಎಂದು ಬರೆದರೂ ಆ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾವ ಅದರ ಕೆಳಗೆ ಸಹಿ ಹಾಕುತ್ತಿದ್ದರು. ಈ ಯೋಚನೆ ಆಗಲೇ ಬಂದಿತ್ತು, ಇದನ್ನು ಆಮೇಲೆ ಸೇರಿಸಿದ್ದಲ್ಲ. ಹಾಳೆಯ ಅಂಚಿನಲ್ಲಿ ನನ್ನ ಬೆರಳು ಬಹಳ ಹೊತ್ತು ನಿಂತಿತ್ತು. ಬರೆದರೆ ಶಾಲೆ ತೆರೆಯುವ ದಿನ ನಾನು ಯಾವ ಬಾಗಿಲಿನಿಂದ ಹೊರಗೆ ಹೋಗುವುದು? ಆ ಜಗಲಿ ದಾಟಿಯೇ ಹೋಗಬೇಕಿತ್ತು.

ಆಕೆಗೆ ಮನೆಯಲ್ಲಿ ಒಪ್ಪಿಗೆ ದೊರೆತಿಲ್ಲ, ಆದ್ದರಿಂದ ಬರಲಾರಳು ಎಂದು ಬರೆದೆ. ಆಕೆಗೆ ಇಷ್ಟವಿಲ್ಲ ಎಂದು ಬರೆಯಲಿಲ್ಲ. ಅತ್ತೆ ಕಾಗದವನ್ನು ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ಮೇಲಿನಿಂದ ಕೆಳಗೆ ನೋಡಿದರು.

"ಆಗಲ್ಲ ಅನ್ನಾಕೆ ಇಷ್ಟುದ್ದ ಬರೀಬೇಕಾ?"

"ಇಂಗ್ಲಿಷಿನಲ್ಲಿ ಹಾಗೇ ಅತ್ತೆ."

ಮಾವ ಕೆಳಗೆ ಕನ್ನಡದಲ್ಲಿ, ಒಂದೊಂದೇ ಅಕ್ಷರ ಮೂಡಿಸಿ, ಸಹಿ ಮಾಡಿದರು. ನನ್ನ ಗಂಡ ಕಂಪಲಾಪುರಕ್ಕೆ ಹೋಗುವಾಗ ಅಂಚೆಗೆ ಹಾಕಿದರು. ಮತ್ತೆ ಆ ಕಡೆಯಿಂದ ಕಾಗದ ಬರಲಿಲ್ಲ. ಎರಡು ತಿಂಗಳು ಕಳೆದು ಗುಂಟೂರಿನವರು ಬಂದರು. ಅತ್ತೆ ತಲೆ ಬಾಚಿ ಮಣೆಯ ಮೇಲೆ ಕುಳಿತರು, ನಾನು ಸ್ಲೇಟು ತೆಗೆದುಕೊಂಡು ನನ್ನ ಜಾಗಕ್ಕೆ ಹೋದೆ.

ಹೆಡ್ಮಾಸ್ತರರಿಗೆ ಕಾಗದ ಬರೆದ ದಿನದ ಪುಟದ ಕೊನೆಯಲ್ಲಿ ಒಂದು ಸಾಲಿದೆ. ಕಾಗದ ಹೊರಗೆ ಹೋದಮೇಲೆ ಅತ್ತೆ ಗೂಡಿನಿಂದ ಸ್ಲೇಟು ತೆಗೆದು, ಅದರ ಮೇಲೆ ಏನೂ ಬರೆದಿರಲಿಲ್ಲವಾದರೂ, ಒದ್ದೆ ಬಟ್ಟೆಯಿಂದ ಒರೆಸಿ ಇಟ್ಟರಂತೆ. ನನಗೆ ಅದು ನೆನಪಿಲ್ಲ. ಆದರೆ ಬರೆದಿದ್ದೇನೆ.